ಹಡಗಿನವರಿಗೆ ಕಟ್ಟಿದ ರೊಟ್ಟಿ

ರಜೆಗೆ ಕಾರವಾರ ನೋಡಿಕೊಂಡು ಬಂದ ನೀವಿಬ್ಬರೂ ಬಾಲ್ಕನಿಯಲ್ಲಿ ಚಪ್ಪಲಿಯ ಮರಳು ಜಾಡಿಸುತ್ತ ನನಗೆ ಏನು ಹೇಳಿದಿರಿ ಅನ್ನುವುದು ನಿಮಗೆ ಮರೆತಿರಬಹುದು. "ಅಜ್ಜಿ, ನಿಮ್ಮೂರು ಭಾಳ ಸಣ್ಣದು. ಒಂದು ಬೀಚು, ಒಂದು ಹಳೇ ಹಡಗು, ಮುಗೀತು," ಅಂದಳು ದೊಡ್ಡವಳು. "ಮತ್ತ ಐಸ್‌ಕ್ರೀಮ್," ಅಂದ ಸಣ್ಣವನು. ನಾನು ನಕ್ಕು ಒಳಗೆ ಹೋದೆ. ನನಗೆ ಮಾತು ಬರುವುದಿಲ್ಲ. ಮನೆಗೆ ಯಾರಾದರೂ ಬಂದರೆ ಬಾಗಿಲ ಮರೆಗೆ ನಿಲ್ಲುವವಳು ನಾನು. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಕೈಯಲ್ಲಿ ಉಳಿದಿವೆ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಓದುವುದನ್ನು ನಾನೇ ನಿಮಗೆ ಕಲಿಸುತ್ತಿದ್ದೇನಲ್ಲ, ಚೆನ್ನಾಗಿ ಬಂದ ಮೇಲೆ ನೀವೇ ಓದಿಕೊಳ್ಳಿರಿ. ನಿಮ್ಮ ಅವ್ವನ ಕೈಲಿ ಓದಿಸಬೇಡಿರಿ. ಯಾಕೆ ಅಂತ ಓದುತ್ತ ಹೋದಂತೆ ತಿಳಿಯುತ್ತದೆ.

ಕಾರವಾರ ಸಣ್ಣದೇ. ಒಂದು ಕಡೆ ಗುಡ್ಡ, ಒಂದು ಕಡೆ ಸಮುದ್ರ. ನಡುವೆ ಇದ್ದಷ್ಟು ಜಾಗದಲ್ಲಿ ಊರು. ಉತ್ತರಕ್ಕೆ ಕಾಳಿ ನದಿ ಸಮುದ್ರ ಸೇರುತ್ತದೆ. ಅದರ ಸೇತುವೆ ದಾಟಿ ಮುಂದೆ ಹೋದರೆ ಗೋವಾ. ದಕ್ಷಿಣಕ್ಕೆ ಬಂದರು, ಅದನ್ನೂ ದಾಟಿದರೆ ನೌಕಾಪಡೆಯವರ ಜಾಗ. ಅಲ್ಲಿ ಹೆದ್ದಾರಿಯ ಪಕ್ಕದಲ್ಲಿ ಉದ್ದಕ್ಕೂ ಗೋಡೆ. ನೀವು ಗಾಳಿಮರಗಳ ಕೆಳಗೆ ಓಡಾಡಿದ ಬೀಚಿನಿಂದ ಅವರ ದೊಡ್ಡ ಹಡಗುಗಳು ಕಾಣುವುದಿಲ್ಲ, ಗುಡ್ಡ ಅಡ್ಡ ಬರುತ್ತದೆ. ನಾನು ಮದುವೆಯಾಗಿ ಬಂದಾಗಿನಿಂದ ಮುಪ್ಪಾಗುವವರೆಗೆ ಅಲ್ಲೇ ಇದ್ದೆ. ಒಂದು ಹಡಗು ಹೊರಡುವುದನ್ನೂ ಕಣ್ಣಾರೆ ನೋಡಲಿಲ್ಲ. ಆದರೆ ಯಾವ ಹಡಗು ಯಾವಾಗ ಹೊರಡುತ್ತದೆ ಅನ್ನುವುದು ನನಗೆ ಮೊದಲೇ ಗೊತ್ತಾಗುತ್ತಿತ್ತು. ಅದನ್ನು ಹೇಳುತ್ತೇನೆ.

ನಿಮ್ಮ ಅಜ್ಜ ಅಲ್ಲಿ ಖಾನಾವಳಿ ನಡೆಸುತ್ತಿದ್ದರು. ಮೀನು ಮಾರುಕಟ್ಟೆಗೆ ಹತ್ತಿರದ ಓಣಿಯಲ್ಲಿ, ಮೀನಿಲ್ಲದ ಖಾನಾವಳಿ. ನಮ್ಮ ಬಯಲುಸೀಮೆಯ ಕಡೆಯಿಂದ ಬದಲಿಯಾಗಿ ಬಂದ ಗುಮಾಸ್ತರು, ಮಾಸ್ತರರು, ಪೊಲೀಸರು, ಯಾರಿಗೆ ಜೋಳದ ರೊಟ್ಟಿ ಇಲ್ಲದೆ ಊಟ ಸೇರದೋ ಅವರೆಲ್ಲ ನಮ್ಮಲ್ಲಿಗೇ ಬರುತ್ತಿದ್ದರು. ಪಕ್ಕದ ಮನೆಯಲ್ಲಿ ಮೀನು ಮಾರುವ ಹೆಂಗಸು ಇದ್ದಳು, ಮನೆಮಾತು ಕೊಂಕಣಿ, ಎಲ್ಲರೂ ಆಕೆಯನ್ನು ಬಾಯಿ ಅಂತಲೇ ಕರೆಯುತ್ತಿದ್ದರು. ನಾನು ಹೊಸದಾಗಿ ಬಂದಾಗ ನಮ್ಮೂರ ಕೆರೆಯಲ್ಲಿ ಒಗೆಯುವಂತೆ ಸೀರೆಗಳನ್ನೆಲ್ಲ ಸಮುದ್ರಕ್ಕೆ ಒಯ್ದು ಒಗೆದು ತಂದೆ. ಇಷ್ಟು ನೀರಿರುವಾಗ ಬಾವಿಯಿಂದ ಯಾಕೆ ಸೇದಬೇಕು ಅಂತ. ಒಣಗಿದ ಮೇಲೆ ಸೀರೆ ಹಪ್ಪಳದ ಹಾಗೆ ನಿಂತಿತು. ಆ ಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಿಮ್ಮ ರೊಟ್ಟಿನೂ ಹೀಗೇ ಅಲ್ವಾ! ಸೀರೆನೂ ರೊಟ್ಟಿ ಮಾಡಿ ಇಟ್ಟಿದ್ದಾಳೆ ನೋಡಿ ಅಣ್ಣಾ!"

"ತಿಂದ ನೋಡ್ರಿ ಬಾಯಿ, ಹಲ್ಲ ಗಟ್ಟಿ ಆಗ್ತಾವ," ಅಂದರು ನಿಮ್ಮ ಅಜ್ಜ.

ಅವಳು ಕೊಟ್ಟ ಸಿಹಿನೀರಿನಲ್ಲಿ ಎಲ್ಲ ಸೀರೆಗಳನ್ನೂ ಮತ್ತೆ ಒಗೆದೆ. ಅಂದಿನಿಂದ ಆ ಊರಿನಲ್ಲಿ ನನಗೆ ಇದ್ದ ಒಬ್ಬಳೇ ಗೆಳತಿ ಆಕೆ.

ನೌಕಾಪಡೆಯ ಹುಡುಗರು ಬರತೊಡಗಿದ್ದು ಆಮೇಲೆ. ವಿಜಯಪುರದ ಕಡೆಯವರು, ಬಾಗಲಕೋಟೆಯವರು, ಗದಗಿನವರು. ಸಮುದ್ರವನ್ನೇ ಕಾಣದ ಊರುಗಳಿಂದ ಬಂದು ಹಡಗು ಸೇರಿದವರು. ಸಾದಾ ಅಂಗಿ ತೊಟ್ಟು ಬಂದರೂ ಕ್ಷೌರ ನೋಡಿದರೆ ಗೊತ್ತಾಗುತ್ತಿತ್ತು. ಬಂದು ಕೂತರೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು. ನನ್ನನ್ನು ಅಕ್ಕಾರ ಅನ್ನುತ್ತಿದ್ದರು. ಹಡಗು ಯಾವಾಗ ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಅವರು ಯಾರಿಗೂ ಹೇಳುವ ಹಾಗಿರಲಿಲ್ಲ. ಹೇಳುತ್ತಲೂ ಇರಲಿಲ್ಲ. ಆದರೆ ಹೊರಡುವ ಮುಂಚೆ ಕೈ ತೊಳೆಯುವ ಕಡೆ ಬಂದು ಮೆಲ್ಲಗೆ, "ಅಕ್ಕಾರ, ಖಡಕ್ ರೊಟ್ಟಿ ಒಂದ್ ಕಟ್ಟು ಬೇಕಾಗಿತ್ರಿ. ಶೇಂಗಾ ಚಟ್ನಿ ಇರ್ಲಿ," ಅನ್ನುತ್ತಿದ್ದರು. ಬಿಸಿ ರೊಟ್ಟಿ ಆ ಹೊತ್ತಿಗೆ ಮುಗಿಯುತ್ತದೆ. ಖಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ. ಊರಿನಲ್ಲಿ ಇರುವವನಿಗೆ ಅದು ಬೇಡ. ನೀರಿನ ಮೇಲೆ ಬಹಳ ದಿನ ಇರಲಿರುವವನಿಗೇ ಬೇಕು. ಒಬ್ಬ ಕೇಳಿದ ದಿನ ಇನ್ನೊಬ್ಬನೂ, ಮತ್ತೊಬ್ಬನೂ ಬಂದು ಅದನ್ನೇ ಕೇಳಿದರೆ ನಮಗೆ ಹೇಳುವವರು ಬೇಕಿರಲಿಲ್ಲ.

ನಿಮ್ಮ ಅಜ್ಜ ಈ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. "ಬಾಯಿ ಬಿಡಬ್ಯಾಡ. ಬಾಜೂ ಬಾಯಿಗೂ ಬ್ಯಾಡ, ನಮ್ಮ ಮಗಳಿಗೂ ಬ್ಯಾಡ. ಅವರು ನಮಗ ಹೇಳಿಲ್ಲ, ನಮಗ ಗೊತ್ತಿಲ್ಲ," ಅನ್ನುತ್ತಿದ್ದರು. ಬಾಯಿ ಬಿಡದಿರುವುದು ನನಗೇನು ಕಷ್ಟ? ನನಗೆ ಬರುತ್ತಿದ್ದದ್ದೇ ಅದೊಂದು.

ಕಾರವಾರದ ಮಳೆಗಾಲದಲ್ಲಿ ರೊಟ್ಟಿಯನ್ನು ಖಡಕ್ ಮಾಡುವುದೆಂದರೆ ಸುಮ್ಮನೆ ಅಲ್ಲ. ಗಾಳಿಯಲ್ಲೇ ನೀರು ಇರುತ್ತದೆ. ಬೆಳಿಗ್ಗೆ ಗರಿಗರಿಯಾದದ್ದು ಮಧ್ಯಾಹ್ನಕ್ಕೆ ತೊಗಲಿನಂತೆ ಬಾಗುತ್ತದೆ. ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಲೆಯ ಸುತ್ತ ಒರಗಿಸಿ ಇಟ್ಟು, ಮಗ್ಗುಲು ಬದಲಿಸುತ್ತ ಕೂಡಬೇಕು. ಬಿಸಿ ಆರುವ ಮೊದಲು ಬಟ್ಟೆಯಲ್ಲಿ ಬಿಗಿದು ಕಟ್ಟಬೇಕು. ನನ್ನ ಕೈಯ ಕಟ್ಟುಗಳು ಎಲ್ಲೆಲ್ಲಿಗೆ ಹೋದವೋ ನಾನು ಕಾಣೆ. ಹಿಂತಿರುಗಿ ಬಂದ ಹುಡುಗರು ಬಟ್ಟೆ ಒಗೆದು, ಮಡಚಿ ತಂದುಕೊಡುತ್ತಿದ್ದರು. ಎಲ್ಲಿಗೆ ಹೋಗಿದ್ದಿರಿ ಅಂತ ನಿಮ್ಮ ಅಜ್ಜ ಕೇಳುತ್ತಿರಲಿಲ್ಲ. "ಚಟ್ನಿ ಸಾಲ್ತಿತ್ತೇನಪಾ?" ಅಂತ ಮಾತ್ರ ಕೇಳುವರು.

ಒಮ್ಮೆ ಕ್ವಾರ್ಟರ್ಸಿನಿಂದ ಒಬ್ಬಳು ಹೆಣ್ಣುಮಗಳು ಬಂದಳು, ಬಸುರಿ. ಗಂಡ ನಮ್ಮಲ್ಲಿ ಊಟಕ್ಕೆ ಬರುತ್ತಿದ್ದ. ಅಡುಗೆ ಮನೆಯ ಬಾಗಿಲಲ್ಲೇ ನಿಂತು, "ಅಕ್ಕಾರ, ನಮ್ಮನಿಯವ್ರು ರೊಟ್ಟಿ ಹೇಳಿ ಹೋಗ್ಯಾರೇನ್ರಿ?" ಅಂತ ಕೇಳಿದಳು. ಆಕೆಗೂ ಹೇಗೋ ಗೊತ್ತಾಗಿತ್ತು. ಒಲೆಯ ಸುತ್ತ ಅವನ ರೊಟ್ಟಿಗಳೇ ಒರಗಿದ್ದವು. ನಾನು ತಲೆ ಎತ್ತಲಿಲ್ಲ. "ದಿನಾ ಮಾಡೂದೇ ಅಲ್ಲವ್ವಾ," ಅಂದೆ. ಆಕೆ ನನ್ನ ಬಳಿ ಕೂತು ಒಂದು ರೊಟ್ಟಿಯ ಮಗ್ಗುಲು ತಾನೇ ಬದಲಿಸಿದಳು. ಚಹಾ ಕುಡಿದು ಎದ್ದು ಹೋದಳು.

ನಿಮ್ಮ ಅಪ್ಪನೂ ಅದೇ ಹುಡುಗರಲ್ಲಿ ಒಬ್ಬ. ಹಡಗಿನ ಎಂಜಿನ್ ನೋಡಿಕೊಳ್ಳುವ ಕೆಲಸ. ನೆಲ ನೋಡಿಕೊಂಡೇ ಮಾತಾಡುವನು, ನನ್ನ ಹಾಗೆಯೇ. ನಿಮ್ಮ ಅವ್ವ ಧಾರವಾಡದ ಹಾಸ್ಟೆಲಿನಲ್ಲಿದ್ದು ಕಲಿಯುತ್ತಿದ್ದಳು. ಆಕೆಯನ್ನು ನಾವು ಒಲೆಯ ಹತ್ತಿರ ಬಿಟ್ಟವರೇ ಅಲ್ಲ. ನಿಮ್ಮ ಅಜ್ಜನೇ ಸಂಬಂಧ ಕೂಡಿಸಿದರು. ಮದುವೆ ಗೊತ್ತಾದ ದಿನ ಇಡೀ ಖಾನಾವಳಿಗೆ ಕೇಳುವ ಹಾಗೆ, "ನಿನ್ನೀತನಾ ಅಕ್ಕಾರ ಅಂತಿದ್ದಾಂವ ಇವತ್ತ ಅತ್ತಿ ಅನ್ನಾಕ ಹತ್ಯಾನ! ನಾಳೆ ಊಟದ ಬಿಲ್ಲೂ ಕೊಡಂಗಿಲ್ಲ ನೋಡ್ರಿ ಇಂವಾ!" ಅಂದರು. ನಿಮ್ಮ ಅಪ್ಪ ಕಿವಿಯ ತನಕ ಕೆಂಪಾಗಿ ಮಜ್ಜಿಗೆ ಚೆಲ್ಲಿಕೊಂಡ. ನೌಕರಿಯ ಅವಧಿ ಮುಗಿದ ಮೇಲೆ ಅವನಿಗೆ ಇಲ್ಲಿ, ಪುಣೆ ಹತ್ತಿರದ ತಳೇಗಾಂವ ದಾಭಾಡೆಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ನೀವು ಹುಟ್ಟಿದ್ದು ಇಲ್ಲೇ.

ಈಗ ನಿಮಗೆ ಗೊತ್ತಿಲ್ಲದ ಒಂದು ಮಾತು. ನಿಮ್ಮ ಅವ್ವನಿಗಿಂತ ಮೊದಲು ನನಗೊಬ್ಬ ಮಗ ಹುಟ್ಟಿದ್ದ. ನಗುವುದನ್ನು ಕಲಿತಿದ್ದ, ಕೂಡುವುದನ್ನು ಇನ್ನೂ ಕಲಿತಿರಲಿಲ್ಲ. ಒಂದು ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟ. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಗುಡ್ಡದ ಬುಡದಲ್ಲಿ ನಮ್ಮ ಜನರಿಗೆ ಇರುವ ರುದ್ರಭೂಮಿಯಲ್ಲಿ, ಒಂದು ಗೇರು ಮರದ ಪಕ್ಕ, ನಿಮ್ಮ ಅಜ್ಜ ತಮ್ಮ ಕೈಯಾರೆ ಅವನನ್ನು ಇಟ್ಟು ಬಂದರು. ಅವರು ಅಳಲಿಲ್ಲ. ಮರುದಿನ ಖಾನಾವಳಿ ತೆರೆದರು. ಆದರೆ ಆಮೇಲೆ ವ್ಯಾಪಾರ ಬಿದ್ದುಹೋದ ಕಾಲದಲ್ಲಿ, ಹುಬ್ಬಳ್ಳಿಗೆ ಹೋಗೋಣ ಅಂತ ಎಲ್ಲರೂ ಹೇಳಿದಾಗಲೂ, ಅವರು ಕಾರವಾರ ಬಿಡಲಿಲ್ಲ. "ಅಂವಾ ಒಬ್ಬನೇ ಆಗ್ತಾನ," ಅನ್ನುತ್ತಿದ್ದರು. "ನನ್ನೂ ಅವನ ಬಾಜೂಕ ಇಡ್ರಿ." ಜೀವನದಲ್ಲಿ ಅವರು ತಮಗಾಗಿ ಕೇಳಿದ್ದು ಅದೊಂದೇ.

ಗಂಟಲಿನ ರೋಗ ಅಂತ ತಿಳಿದಾಗ ನಿಮ್ಮ ಅವ್ವ ಅವರನ್ನು ಇಲ್ಲಿಗೆ ಕರೆದುಕೊಂಡು ಬಂದಳು. ಪುಣೆಯಲ್ಲಿ ದೊಡ್ಡ ದವಾಖಾನೆಗಳಿವೆ, ಕಾರವಾರದಲ್ಲಿ ಏನಿದೆ ಅಂದಳು. ಅದು ಖರೇ. ಖಾನಾವಳಿ ಮುಚ್ಚಿ ಬಂದೆವು. ಬರುವಾಗ ನಿಮ್ಮ ಅಜ್ಜ, ಆರಾಮಾದ ಮೇಲೆ ತಿರುಗಿ ಬರೋಣ ಅಂದುಕೊಂಡೇ ಗಾಡಿ ಹತ್ತಿದರು. ತಳೇಗಾಂವದಿಂದ ದವಾಖಾನೆಗೆ, ದವಾಖಾನೆಯಿಂದ ತಳೇಗಾಂವಕ್ಕೆ. ನಿಮ್ಮ ಅವ್ವ ನಿಮ್ಮನ್ನು ಪಕ್ಕದ ಮನೆಯ ಮರಾಠಿ ಮಾವಶಿಯ ಬಳಿ ಬಿಟ್ಟು, ಕಡತ ಹಿಡಿದುಕೊಂಡು ಓಡಾಡಿದಳು. ಅಪ್ಪನ ಬಟ್ಟೆ ಒಗೆದಳು, ವಾಂತಿ ಬಳಿದಳು, ನರ್ಸುಗಳ ಜತೆ ಮರಾಠಿಯಲ್ಲಿ ಜಗಳಾಡಿದಳು, ಅವರ ಕೈ ಹಿಡಿದು ಅತ್ತಳು. ಇದನ್ನು ನೀವು ಎಂದಿಗೂ ಮರೆಯಬಾರದು. ಕೊನೆಕೊನೆಗೆ ಅವರಿಗೆ ನುಂಗಲು ಆಗುತ್ತಿರಲಿಲ್ಲ. ಮೂಗಿನ ನಳಿಗೆಯಲ್ಲಿ ಗಂಜಿ. ದನಿ ಇಳಿದು ಬರೀ ಗಾಳಿಯಾಗಿತ್ತು.

ಒಂದು ಬೆಳಿಗ್ಗೆ ನನ್ನನ್ನು ಕರೆದು, "ಖಡಕ್ ರೊಟ್ಟಿ ಬಡಿ. ಒಂದ್ ಕಟ್ಟು," ಅಂದರು.

ಡಬ್ಬಿ ಕಟ್ಟುತ್ತಿದ್ದ ನಿಮ್ಮ ಅವ್ವನಿಗೆ ಕೇಳಿಸಿತು. ಓಡಿ ಬಂದಳು. "ಅಪ್ಪಾ ರೊಟ್ಟಿ ಕೇಳಿದ್ರಾ? ಅವ್ವಾ, ಕೇಳಿದ್ಯಾ! ಬಾಯಿರುಚಿ ಬಂತಲ್ಲ ಅಪ್ಪಾಗ! ನಾ ಹೇಳಿರಲಿಲ್ಲ, ಈ ಔಷಧ ಹತ್ತತದ ಅಂತ? ಹಾಲಿನ್ಯಾಗ ನೆನಸಿ, ಮೆತ್ತಗ ಮಾಡಿ ಕೊಡೋಣು." ಅಂದು ದವಾಖಾನೆಗೆ ಫೋನು ಮಾಡಿದಳು. ಆ ಕಡೆಯ ನರ್ಸ್ "ಛಾನ, ಛಾನ" ಅಂತ ಖುಷಿಪಟ್ಟದ್ದು ನನಗೂ ಕೇಳಿಸಿತು. ಎಷ್ಟೋ ದಿನಗಳ ಮೇಲೆ ನಿಮ್ಮ ಅವ್ವನ ಮುಖದಲ್ಲಿ ನಗು ಕಂಡೆ.

ನಿಮ್ಮ ಅಪ್ಪ ಬಾಗಿಲಲ್ಲಿ ಕೂತು ಕಾರ್ಖಾನೆಗೆ ಹೋಗಲು ಬೂಟು ಕಟ್ಟುತ್ತಿದ್ದ. ಅವನ ಕೈ ನಿಂತಿತು. ಅವನು ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಎಷ್ಟು ಸಾರಿ ಅವನು ಕೈ ತೊಳೆಯುವ ಕಡೆ ಬಂದು ನನ್ನ ಹತ್ತಿರ ಆ ಮಾತೇ ಕೇಳಿದ್ದ! ಅದರ ಅರ್ಥ ನನಗೆ ಗೊತ್ತಿದೆ ಅನ್ನುವುದು ಅವನಿಗೆ ತಿಳಿದದ್ದು ಆಗಲೇ ಇರಬೇಕು. ಅವನು ಕಟ್ಟಿದ ಬೂಟು ಬಿಚ್ಚಿದ.

"ಹವಾ ಬದಲಾಗ್ಲಿ. ಮಾಮಾನ್ನ ಕಾರವಾರಕ್ಕ ಕರಕೊಂಡ ಹೋಗಿ ಬರೋಣು," ಅಂದ ನಿಮ್ಮ ಅವ್ವನಿಗೆ. ಆಕೆ ಖುಷಿಯಲ್ಲಿದ್ದಳು, ಒಪ್ಪಿದಳು. ಮುಂದಿನ ಔಷಧದ ತಾರೀಖಿಗೆ ಇನ್ನೂ ಸಮಯವಿತ್ತು. ಅವನು ಗೆಳೆಯನ ದೊಡ್ಡ ಗಾಡಿ ಕೇಳಿ ತಂದ. ನಾನು ಗ್ಯಾಸಿನ ಒಲೆಯ ಮುಂದೆ ಇಡೀ ದಿನ ರೊಟ್ಟಿ ಬಡಿದೆ. ಕೈ ತನ್ನಷ್ಟಕ್ಕೆ ಬಡಿಯುತ್ತಿತ್ತು. ಹಾಲಿನಲ್ಲಿ ನೆನಸಿದ ಚೂರನ್ನು ನಿಮ್ಮ ಅವ್ವ ತುಟಿಗೆ ಹಚ್ಚಿದಾಗ ಅವರು ಆಕೆಗಾಗಿ ಬಾಯಿ ತೆರೆದರು. ನುಂಗಲಿಲ್ಲ. ನಾನು ಕಟ್ಟನ್ನು ತಂದು ಕೊಟ್ಟಾಗ ಅದರ ಗಂಟನ್ನು ಮುಟ್ಟಿ ನೋಡಿದರು, ಬಿಗಿಯಾಗಿದೆಯೇ ಅಂತ.

ನಿಮ್ಮನ್ನು ಮಾವಶಿಯ ಮನೆಯಲ್ಲಿ ಬಿಟ್ಟು ಹೊರಟೆವು. ಪುಣೆಯ ವಾಕಡ ದಾಟುವಷ್ಟರಲ್ಲೇ ಬೆಳಕು ಹರಿಯಿತು, ಅಷ್ಟು ಗಾಡಿಗಳು. ಕೊಲ್ಲಾಪುರ, ಬೆಳಗಾವಿ, ಆಮೇಲೆ ಕಾಡಿನ ದಾರಿ. ಅವರು ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರು, ರೊಟ್ಟಿಯ ಕಟ್ಟು ಎದೆಯ ಮೇಲೆ. ಕಾಳಿ ಸೇತುವೆಯ ಮೇಲೆ ಗಾಡಿ ಬಂದಾಗ ಎಬ್ಬಿಸು ಅಂತ ಕೈ ಮಾಡಿದರು. ಕೂತು ನೋಡಿದರು. ಬಲಕ್ಕೆ ನದಿ ಅಗಲವಾಗಿ ಸಮುದ್ರಕ್ಕೆ ಹೋಗುತ್ತಿತ್ತು.

ಮೊದಲು ಗುಡ್ಡದ ಬುಡಕ್ಕೇ ಹೋಗು ಅಂದರು. ಗೇರು ಮರ ಇತ್ತು, ಮುದಿಯಾಗಿತ್ತು. ನಿಮ್ಮ ಅಪ್ಪ ಅವರನ್ನು ಎತ್ತಿಕೊಂಡು ಹೋಗಿ ಅದರ ಕೆಳಗೆ ಕೂಡಿಸಿದ. ಅಲ್ಲಿ ಕಲ್ಲಿಲ್ಲ, ಗುರುತಿಲ್ಲ, ಬರೀ ಹುಲ್ಲು. ಅವರು ಅಂಗೈಯಿಂದ ಹುಲ್ಲು ಸವರಿ, "ಇಲ್ಲಿ," ಅಂದರು. ನಿಮ್ಮ ಅವ್ವ ದೂರದಲ್ಲಿ ನಿಂತಿದ್ದಳು. ಅಣ್ಣ ಒಬ್ಬನಿದ್ದ ಅನ್ನುವುದು ಆಕೆಗೆ ಗೊತ್ತಿತ್ತು. ಆ ಜಾಗ ನೋಡಿದ್ದು ಅಂದೇ.

ಸಂಜೆ ಬೀಚಿಗೆ ಬಂದೆವು. ಪ್ರವಾಸಿಗಳು, ಭೇಲ್‌ಪುರಿ ಗಾಡಿಗಳು, ಒಂಟೆ ಸವಾರಿ. ನೀವು ಕುಣಿದಾಡಿದ್ದೂ ಅಲ್ಲೇ. ಮೀನಿನ ಬಾಯಿ ಸುದ್ದಿ ಕೇಳಿ ಬಂದಳು. ಮುದುಕಿಯಾಗಿದ್ದಳು, ಆದರೆ ಬಾಯಿ ಹಾಗೇ ಇತ್ತು.

"ಏನ್ ಅಣ್ಣಾ ಇದು? ನಾನು ಅವತ್ತೇ ಹೇಳಿದ್ದೆ, ದಿನಾ ಒಂದು ಬಂಗಡೆ ತಿನ್ನಿ ಅಂತ. ತಿಂದಿದ್ರೆ ಹೀಗೆ ಆಗ್ತಿತ್ತಾ?" ಅನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರು ನಕ್ಕರು. ದನಿಯಿಲ್ಲದ ನಗು. ಆಮೇಲೆ ನನ್ನನ್ನು ನೋಡಿ, "ನಾ ಇಲ್ಲೇ ಇರ್ತೀನಿ," ಅಂದರು.

"ಇರಿ! ನಮ್ಮ ಹಿಂದಿನ ಖೋಲಿ ಖಾಲಿ ಇದೆ. ನಾನಿದ್ದೇನೆ, ನಿಮ್ಮ ಹೆಂಡತಿ ಇದ್ದಾಳೆ, ಇನ್ನೇನು ಬೇಕು?" ಅಂದಳು ಬಾಯಿ.

ನಿಮ್ಮ ಅವ್ವನ ಮುಖ ಬಿಳುಚಿತು. "ಇಲ್ಲೇ ಅಂದ್ರ? ಸೋಮವಾರ ಔಷಧ ಕೊಡಬೇಕು. ಡಾಕ್ಟರು ತಪ್ಪಿಸಬ್ಯಾಡ್ರಿ ಅಂದಾರ. ಈಗ ಸುಧಾರಿಸಾಕ ಹತ್ಯಾರ, ರೊಟ್ಟಿ ಕೇಳ್ಯಾರ..."

ನಾಲ್ಕು ಜನರ ಮುಂದೆ ನಾನು ಎಂದೂ ಮಾತಾಡಿದವಳಲ್ಲ. ಅಂದು ಮಾತಾಡಿದೆ. "ನಾವಿಬ್ಬರೂ ಇಲ್ಲೇ ಇರ್ತೀವಿ. ನೀವು ಹೋಗ್ರಿ," ಅಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು.

"ಅವ್ವಾ! ಸಾಯಾಕ ಬಿಟ್ಟ ಬಾ ಅಂತೀಯೇನ ನನಗ?" ಅಂದು ನಿಮ್ಮ ಅವ್ವ ಮರಳಿನ ಮೇಲೆ ಕುಸಿದು ಕೂತಳು. ಅಷ್ಟು ಜನರ ನಡುವೆ, ಸಣ್ಣ ಮಗುವಿನಂತೆ ಬಾಯಿ ತೆರೆದು ಅತ್ತಳು. "ಒಂದ ಸಲ ನೋಡೂಣಪಾ. ಇದೊಂದ ಸಲ. ಇಲ್ಲಂದ್ರ ನಾ ಬಿಟ್ಟಬಿಟ್ಟೆ ಅಂತ ನನ್ನ ಜೀವನಪೂರ್ತಿ..." ನಿಮ್ಮ ಅಪ್ಪ ಆಕೆಯ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ. ಅವನೂ ಅಳುತ್ತಿದ್ದ.

ನಿಮ್ಮ ಅಜ್ಜ ಬಹಳ ಹೊತ್ತು ಆಕೆಯನ್ನು ನೋಡಿದರು. ಅವರ ಒಂದು ಮಗು ಗುಡ್ಡದ ಬುಡದಲ್ಲಿತ್ತು, ಒಂದು ಮಗು ಎದುರಿಗೆ ಅಳುತ್ತಿತ್ತು. ಅವರು ಯಾರ ಕಡೆ ನಡೆಯಬೇಕು?

ಆಗ ನಮ್ಮ ಮುಂದಿನಿಂದ ಇಬ್ಬರು ಹುಡುಗರು ಹಾದುಹೋದರು. ಸಾದಾ ಅಂಗಿ, ಆ ಕ್ಷೌರ. ಮಾತಿನಲ್ಲಿ ನಮ್ಮ ಕಡೆಯ ಧಾಟಿ. ನಿಮ್ಮ ಅಜ್ಜ ಕೈ ಬೀಸಿ ಕರೆದರು. ಅವರು ಹತ್ತಿರ ಬಂದು ಬಗ್ಗಿದರು.

"ಯಾವೂರಪಾ?"

"ಬಾಗಲಕೋಟಿ ಕಡೆ ಹಳ್ಳಿರಿ ಅಜ್ಜಾರ."

ಅವರು ಮಡಿಲಲ್ಲಿದ್ದ ಕಟ್ಟನ್ನು ಎತ್ತಿ ಆ ಹುಡುಗನ ಕೈಗೆ ಕೊಟ್ಟರು. ಅವನು ಗಂಟು ಬಿಚ್ಚಿ ನೋಡಿ, "ಅಯ್ಯ, ಖಡಕ್ ರೊಟ್ಟಿ! ನಮ್ಮವ್ವನ ಕೈಯಾನ ಹಂಗ ಅದಾವಲೇ!" ಅಂತ ಗೆಳೆಯನಿಗೆ ತೋರಿಸಿದ. "ನಿಮಗ ಬ್ಯಾಡೇನ್ರಿ ಅಜ್ಜಾರ?"

ನಿಮ್ಮ ಅಜ್ಜ ತಲೆಯಾಡಿಸಿದರು, ಬೇಡ ಅಂತ. ಆಗಲೇ ನನಗೆ ಗೊತ್ತಾಯಿತು, ಅವರು ಕೊನೆಯ ಪ್ರಯಾಣಕ್ಕೆ ಇಲ್ಲಿಂದ ಹೊರಡುವವರಲ್ಲ, ಮಗನ ಪಕ್ಕ ಮಲಗುವ ಆಸೆಯನ್ನು ಬಿಟ್ಟುಕೊಟ್ಟರು ಅಂತ. ಹುಡುಗರು ಹೋದ ಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟು, "ಏಳವ್ವಾ. ನಡಿ, ದವಾಖಾನಿಗೆ ಹೋಗೂಣು," ಅಂದರು.

ಗಾಡಿಯಲ್ಲಿ ನಾನು ಅವರ ಕಿವಿಯ ಬಳಿ ಬಗ್ಗಿ ಯಾಕೆ ಅಂತ ಕೇಳಿದೆ. "ಅಂವಾ ಇಷ್ಟ ದಿನಾ ಕಾದಾನ," ಅಂದರು. "ಇಕಿ ಇನ್ನೂ ಭಾಳ ವರ್ಷ ಬದುಕಬೇಕು." ಆಮೇಲೆ ಸೇತುವೆ ಬಂತು. ಅವರು ಕಣ್ಣು ತೆರೆಯಲಿಲ್ಲ.

ಸೋಮವಾರದ ಔಷಧ ಕೊಟ್ಟರು. ಆ ವಾರ ಕಳೆಯುವುದರೊಳಗೆ, ಮಧ್ಯಾಹ್ನದ ಹೊತ್ತು, ದವಾಖಾನೆಯಲ್ಲೇ ಹೋದರು. ನಿಮ್ಮ ಅವ್ವ ಕೈ ಹಿಡಿದುಕೊಂಡಿದ್ದಳು. ಎಲ್ಲ ಮಾಡಿದೆವಲ್ಲ ಅವ್ವಾ, ಏನೂ ಬಿಡಲಿಲ್ಲವಲ್ಲ ಅಂತ ಮತ್ತೆ ಮತ್ತೆ ಕೇಳಿದಳು. ಹೌದು ಅಂದೆ. ಎಷ್ಟು ಸಾರಿ ಕೇಳಿದರೂ ಹೌದು ಅನ್ನುತ್ತೇನೆ. ಅವರು ಅಷ್ಟು ದೊಡ್ಡ ಆಸೆ ಕೊಟ್ಟು ಕೊಂಡದ್ದು ಆಕೆಯ ಸಮಾಧಾನವನ್ನು. ನಾನು ಅದನ್ನು ಕೆಡಿಸಲಾರೆ, ನೀವೂ ಕೆಡಿಸಬೇಡಿರಿ.

ದೇಹವನ್ನು ಕಾರವಾರಕ್ಕೆ ಒಯ್ಯಬೇಕು ಅಂತ ನಿಮ್ಮ ಅಪ್ಪ ಹೇಳಿ ನೋಡಿದ. ನಮ್ಮವರ ಹಿರಿಯರು ಸೇರಿದ್ದರು. ಅಷ್ಟು ದೂರ, ಆ ಬೇಸಿಗೆಯಲ್ಲಿ, ರೋಗದ ದೇಹ, ಬೇಡ ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಬೀಚಿನಲ್ಲಿ ಬಂದ ದನಿ ಅಂದು ಬರಲಿಲ್ಲ. ಪುಣೆಯಲ್ಲಿ ನಮ್ಮ ಜನರಿಗೆ ಇರುವ ರುದ್ರಭೂಮಿಯಲ್ಲಿ ಕುಳ್ಳಿರಿಸಿದರು. ಹಣೆಗೆ ವಿಭೂತಿ, ಕೈಯಲ್ಲಿ ಲಿಂಗ. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು.

ನಾನು ಅಲ್ಲಿಯೇ ನಿಂತಿದ್ದೆ. ನಿಮ್ಮ ಅಪ್ಪ ಬಂದು ಪಕ್ಕದಲ್ಲಿ ನಿಂತು, ಎಂದಿನಂತೆ ನೆಲ ನೋಡುತ್ತ, "ಎರಿ ಮಣ್ಣ ಅದರಿ ಅತ್ತಿ. ನಮ್ಮ ಊರ ಕಡಿ ಇದ್ದಂಗನ ಅದ," ಅಂದ. ನನಗೆ ಸಮಾಧಾನವಾಗಲಿ ಅಂತ ಅಂದದ್ದು. ನಾನು ಬಗ್ಗಿ ಒಂದು ಹೆಂಟೆ ಎತ್ತಿ ಪುಡಿ ಮಾಡಿ ನೋಡಿದೆ. ಕಪ್ಪು, ಒಳ್ಳೆಯ ಮಣ್ಣು, ಜೋಳ ಬೆಳೆಯಬಹುದು. ಹೌದಪಾ ಅಂದೆ. ಅವರು ಕೇಳಿದ ಮಣ್ಣು ಅದಲ್ಲ ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.